ತಂಗಿಯ ತೂಕ ಸರಿಹೋಯಿತು, ಕನ್ನಡಿ ಜೊತೆ ಜಗಳ ನಿಂತಿಲ್ಲ. ಇದಕ್ಕೂ ಚಿಕಿತ್ಸೆ ಇದೆಯಾ?

ಬಸವನಗುಡಿ_ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ನನ್ನ ತಂಗಿಗೆ 23 ವರ್ಷ. ಡಿಗ್ರಿ ಕೊನೆಯ ವರ್ಷದಲ್ಲಿ ಅನೊರೆಕ್ಸಿಯಾ (ದಪ್ಪ ಆಗುವ ಭಯಕ್ಕೆ ಊಟ ಬಿಡುವ ಕಾಯಿಲೆ) ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ತಡವಾಗಿತ್ತು, ಯಾಕೆಂದರೆ ಇವಳಿಗೆ ಭಕ್ತಿ ಜಾಸ್ತಿ ಆಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಸೋಮವಾರ ಒಪ್ಪತ್ತು, ಗುರುವಾರ ರಾಯರಿಗೆ ಅಂತ ಒಪ್ಪತ್ತು, ಶನಿವಾರ ಒಪ್ಪತ್ತು, ಮಧ್ಯೆ ಏಕಾದಶಿ, ಸಂಕಷ್ಟಿ ಬಂದರೆ ಅದೂ. ಅಜ್ಜಿ ಅಂತೂ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದರು, ಈಗಿನ ಕಾಲದಲ್ಲೂ ಇಂಥ ಮೊಮ್ಮಗಳು ಅಂತ.

ಒಂದೂವರೆ ವರ್ಷ ಚಿಕಿತ್ಸೆ ಆಯಿತು. ತೂಕ ಡಾಕ್ಟರ್ ಹೇಳಿದ ಮಟ್ಟಕ್ಕೆ ಬಂತು, ನಿಂತಿದ್ದ ಮುಟ್ಟು ಮತ್ತೆ ಶುರುವಾಯಿತು, ಕೆಲಸಕ್ಕೂ ಸೇರಿದಳು. ಮುಗಿಯಿತು ಅಂದುಕೊಂಡೆವು. ಹೋದ ಭಾನುವಾರ ಜೆ.ಪಿ. ನಗರದಲ್ಲಿ ಮಾವನ ಮನೆ ಗೃಹಪ್ರವೇಶ. ಅತ್ತೆ ಬಂದು ಅವಳ ಕೆನ್ನೆ ಸವರಿ, "ಈಗ ನೋಡು, ಮೈಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿದೀಯ" ಅಂದರು. ಅವರು ಹೇಳಿದ್ದು ಪ್ರೀತಿಯಿಂದಲೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವತ್ತಿನಿಂದ ಇವಳು ರಾತ್ರಿ ಊಟ ಮಾಡುತ್ತಿಲ್ಲ. ಬೀರು ಕನ್ನಡಿ ಮುಂದೆ ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಲ್ಲುತ್ತಾಳೆ. "ನಾನು ದಪ್ಪ ಆಗಿಲ್ಲ ತಾನೇ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಇಲ್ಲ ಕಣೇ ಅಂದರೆ ಎರಡು ನಿಮಿಷ ಸುಮ್ಮನಾಗಿ ಮತ್ತೆ ಅದೇ ಪ್ರಶ್ನೆ.

ನನ್ನ ಪ್ರಶ್ನೆ ಇಷ್ಟೇ. ತೂಕಕ್ಕೆ ಚಿಕಿತ್ಸೆ ಆಯಿತು, ಊಟಕ್ಕೆ ಆಯಿತು. ಈ ತಲೆಯೊಳಗಿನ ಕನ್ನಡಿಗೆ ಅಂತ ಬೇರೆ ಚಿಕಿತ್ಸೆ ಇದೆಯಾ? ಅಥವಾ ಅದು ತಾನಾಗೇ ಹೋಗುತ್ತಾ?

ಮಾಡರೇಟರ್

ಅಕ್ಕ, ಬರೆದಿದ್ದಕ್ಕೆ ಥ್ಯಾಂಕ್ಸ್. ಉತ್ತರ ಬರೆಯುವವರು ದಯವಿಟ್ಟು ಕಿಲೋ, ಕ್ಯಾಲೋರಿ, ಸೊಂಟದ ಅಳತೆ ಯಾವುದನ್ನೂ ಹಾಕಬೇಡಿ. ಅದನ್ನು ಓದಿ ತಮಗೆ ಹೋಲಿಸಿಕೊಳ್ಳುವವರು ಇಲ್ಲಿದ್ದಾರೆ. ಈಗಾಗಲೇ ಒಂದು ಕಾಮೆಂಟ್ ತೆಗೆದಿದ್ದೇನೆ.

ನೀಲಿಕೊಡೆ

ಅಕ್ಕ, ನಿಮ್ಮ ತಂಗಿಯ ಜಾಗದಲ್ಲಿ ಆರು ವರ್ಷದ ಹಿಂದೆ ನಾನಿದ್ದೆ. "ಮೈಕೈ ತುಂಬಿಕೊಂಡಿದೀಯ", "ಮುಖದಲ್ಲಿ ಕಳೆ ಬಂದಿದೆ", "ಈಗ ಮನುಷ್ಯರ ಹಾಗೆ ಕಾಣ್ತೀಯ", ಈ ಮೂರೂ ನನ್ನ ಕಿವಿಗೆ ಒಂದೇ ಥರ ಕೇಳುತ್ತಿತ್ತು: ದಪ್ಪ ಆಗಿದೀಯ. ಹೊಗಳಿಕೆ ಅಂತ ಬುದ್ಧಿಗೆ ಗೊತ್ತು, ಹೊಟ್ಟೆಯೊಳಗೆ ಮಾತ್ರ ಕಲ್ಲು ಬಿದ್ದ ಹಾಗೆ.

ಮತ್ತೆ ಈ ನೋಡಿಕೊಳ್ಳುವ ಚಟ. ಕನ್ನಡಿ ಒಂದೇ ಅಲ್ಲ. ನಾನು ಹಸಿರು ಮಾರ್ಗದ ಮೆಟ್ರೋದಲ್ಲಿ ಓಡಾಡುತ್ತಿದ್ದೆ. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆ, ಮಾರ್ಕೆಟ್ ತನಕ ನೆಲದಡಿ ಹೋಗುತ್ತದಲ್ಲ, ಆಗ ಹೊರಗೆ ಕತ್ತಲಾಗಿ ಬಾಗಿಲ ಗಾಜು ಕನ್ನಡಿ ಆಗಿಬಿಡುತ್ತದೆ. ಅಷ್ಟೂ ಹೊತ್ತು ನನ್ನ ಕಣ್ಣು ನನ್ನ ಹೊಟ್ಟೆ ಮೇಲೆ. ಮಾರ್ಕೆಟ್ ದಾಟಿ ರೈಲು ಮೇಲೆ ಬಂದು ಬೆಳಕು ಬಿದ್ದರೆ ಉಸಿರು ಬಿಡುತ್ತಿದ್ದೆ. ಒಂದು ಹಳೇ ಗಾಜಿನ ಬಳೆ ಇತ್ತು, ಪ್ರತಿ ದಿನ ಬೆಳಗ್ಗೆ ಅದು ಕೈಗೆ ಸಲೀಸಾಗಿ ಏರಿದರೆ ಮಾತ್ರ ತಿಂಡಿ. ಮನೆಯವರಿಗೆ ಬಳೆ ಹಾಕಿಕೊಳ್ಳುವ ಆಸೆ ಅಂತ ಕಾಣುತ್ತಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಬೇರೆ ಚಿಕಿತ್ಸೆ ಇದೆ. ಇಲ್ಲ, ತಾನಾಗೇ ಹೋಗುತ್ತದೆ ಅಂತ ಕಾಯಬೇಡಿ. ನನಗೆ ಎಲ್ಲಕ್ಕಿಂತ ಕೊನೆಗೆ ಸರಿಹೋಗಿದ್ದು ಇದೇ.

ರಿಟೈರ್ಡ್_ರಾಜಾಜಿನಗರ

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ನಮ್ಮ ಕಾಲದಲ್ಲಿ ಮುದ್ದೆ ಉಂಡು ಗೇಯುತ್ತಿದ್ದೆವು, ಕನ್ನಡಿ ನೋಡಲು ಪುರುಸೊತ್ತು ಎಲ್ಲಿತ್ತು? ಇದೆಲ್ಲ ಅಮೆರಿಕದಿಂದ ಬಂದ ಕಾಯಿಲೆ. ಮೊಬೈಲ್ ಕಿತ್ತುಕೊಳ್ಳಿ, ಸರಿಹೋಗುತ್ತದೆ.

ನೀಲಿಕೊಡೆ

ಸರ್, ನಿಮ್ಮ ವಯಸ್ಸಿಗೆ ಗೌರವ ಇಟ್ಟೇ ಹೇಳುತ್ತೇನೆ. ಆ ಗಾದೆಯನ್ನು ನಮ್ಮ ತಂದೆ ನನಗೆ ದಿನಾ ಹೇಳುತ್ತಿದ್ದರು. ಊಟ ಬಲ್ಲೆ ಅಂತಲೇ ನಾನು ಅಕ್ಕಿಕಾಳು ಎಣಿಸುತ್ತಿದ್ದೆ.

ಹಳೇಪೇಪರ್

ರಾಜಾಜಿನಗರದ ಸರ್ ಹೇಳಿದ್ದರಲ್ಲಿ ಒಂದು ಎಳೆ ನಿಜ ಇದೆ. ಫಿಜಿ ದ್ವೀಪದ ಒಂದು ಭಾಗಕ್ಕೆ ಟಿವಿ ಬಂದದ್ದೇ 1995ರಲ್ಲಿ. ಆ್ಯನ್ ಬೆಕರ್ ಅನ್ನುವ ಸಂಶೋಧಕಿ ಅಲ್ಲಿನ ಶಾಲೆ ಹುಡುಗಿಯರನ್ನು ಆಗ ಒಮ್ಮೆ, ಮೂರು ವರ್ಷ ಬಿಟ್ಟು 1998ರಲ್ಲಿ ಒಮ್ಮೆ ಕೇಳಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಎರಡನೇ ಸಲ ಶೇ. 11.3. ದಪ್ಪ ಮೈಯನ್ನು ಮೆಚ್ಚುತ್ತಿದ್ದ ಊರು ಅದು. ಹಾಗಾಗಿ ನೋಡುವ ಚಿತ್ರಗಳಿಗೆ ಪಾತ್ರ ಇದೆ, ಒಪ್ಪೋಣ.

ಆದರೆ ನಮ್ಮಲ್ಲಿ ಇಲ್ಲ ಅನ್ನುವುದನ್ನು ಒಪ್ಪಲ್ಲ. ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ ಮಾಡಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಗಿತ್ತು. ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಭಾಗ ಜನ ಇಂಥ ಒಂದಾದರೂ ಕೇಸ್ ನೋಡಿದ್ದೇವೆ ಅಂದಿದ್ದರು. ರೀಲ್ಸ್ ಕಾಲಕ್ಕೆ ಮುಂಚಿನ ಮಾತು ಇದು. ಮೊಬೈಲ್ ಕಿತ್ತುಕೊಂಡರೆ ಬೀರು ಕನ್ನಡಿ ಉಳಿಯುತ್ತಲ್ಲ ಸರ್, ಅದನ್ನೇನು ಮಾಡುತ್ತೀರಿ?

ಕನ್ನಡಕದ_ಮೇಡಂ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ನಗರದಲ್ಲೇ ಕೆಲಸ. ನೋಡದೇ ಇರುವವರಿಗೆ ಇಲ್ಲಿ ಚಿಕಿತ್ಸೆ ಹೇಳಲು ಬರುವುದಿಲ್ಲ, ಆದರೆ ಚಿಕಿತ್ಸೆ ಹೇಗಿರುತ್ತದೆ ಅಂತ ಹೇಳಬಲ್ಲೆ.

ಮೊದಲು ಊಟ. ಬಸವನಗುಡಿ ಅಕ್ಕ, ರಾತ್ರಿ ಊಟ ನಿಂತಿದೆ ಅಂದಿರಿ. ಈ ವಾರವೇ ಅವಳ ಹಳೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ತಲೆಸುತ್ತು, ಎದೆ ಡವಡವ, ವಾಂತಿ ಏನಾದರೂ ಇದ್ದರೆ ನಾಳೆ ಅನ್ನಬೇಡಿ, ಇವತ್ತೇ ಹೋಗಿ ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ. ಹೊಟ್ಟೆಗೆ ಇಲ್ಲದ ಮಿದುಳಿನ ಜೊತೆ ಮೈ ಬಗ್ಗೆ ವಾದ ಮಾಡಿ ಪ್ರಯೋಜನ ಇಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ಸಣ್ಣಗಾಗುವ ಆಸೆ ಏನೂ ಇರಲಿಲ್ಲ. ಆದರೂ ಸೊರಗುತ್ತಾ ಹೋದ ಹಾಗೆ ಮಾಮೂಲಿ ಜನರೇ ಅವರ ಕಣ್ಣಿಗೆ ದಪ್ಪ ಕಾಣತೊಡಗಿದರು. ಮತ್ತೆ ಊಟ ಶುರುವಾದಾಗ ಕೆಲವರು ತಮ್ಮ ಹೊಟ್ಟೆ ಬಂತು ಅಂತ ಕೊರಗಿದರು. ಉಪವಾಸ ಕಣ್ಣನ್ನೇ ತಿರುಗಿಸುತ್ತದೆ.

ಇನ್ನೊಂದು ವಿಷಯ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಅನೊರೆಕ್ಸಿಯಾದಿಂದ ಎದ್ದವರಲ್ಲಿ ತೂಕ ಮರಳುವಾಗ ಕೊಬ್ಬು ಮೊದಲು ಹೊಟ್ಟೆ, ಸೊಂಟದ ಸುತ್ತ ಸೇರುತ್ತದೆ. ತೂಕ ಹಾಗೇ ನಿಂತರೆ ವರ್ಷ ಕಳೆಯುವುದರಲ್ಲಿ ಮೈಗೆಲ್ಲ ಹಂಚಿಕೊಳ್ಳುತ್ತದೆ. ಅಂದರೆ ನಿಮ್ಮ ತಂಗಿ "ಹೊಟ್ಟೆ ಮಾತ್ರ ಬಂದಿದೆ" ಅಂದರೆ ಅದು ಪೂರ್ತಿ ಭ್ರಮೆ ಅಲ್ಲ. ಸುಮ್ನೆ "ಏನೂ ಇಲ್ಲ ಬಿಡೇ" ಅಂದರೆ ಅವಳಿಗೆ ನೀವು ಸುಳ್ಳು ಹೇಳಿದ ಹಾಗೆ ಕಾಣುತ್ತದೆ. ಕಾರಣ ಹೇಳಿ. ಇದು ಮಧ್ಯದ ಹಂತ, ದಾರಿಯಲ್ಲಿ ಬಿಟ್ಟರೆ ಇಲ್ಲೇ ನಿಲ್ಲುತ್ತದೆ ಅಂತ.

ಇನ್ನು ಕನ್ನಡಿ. ಹಿಲ್ಡೆ ಬ್ರೂಕ್ ಅನ್ನುವ ವೈದ್ಯೆ 1962ರಲ್ಲೇ ಬರೆದರು, ಅನೊರೆಕ್ಸಿಯಾದಲ್ಲಿ ತನ್ನ ಮೈಯ ಚಿತ್ರವೇ ಕೆಟ್ಟಿರುತ್ತದೆ ಅಂತ. ಇದು ಬರೀ ಯೋಚನೆಯ ಮಟ್ಟದಲ್ಲಿ ಇಲ್ಲ. 2013ರಲ್ಲಿ ನೆದರ್ಲೆಂಡ್ಸ್‌ನವರು ಒಂದು ಪ್ರಯೋಗ ಮಾಡಿದರು. ಬಾಗಿಲಿನಂಥ ಸಂದಿಯಲ್ಲಿ ಹಾದುಹೋಗಿ ಅಂದರು. ಬೇರೆಯವರು ತಮ್ಮ ಭುಜಕ್ಕಿಂತ ಶೇ. 25 ಹೆಚ್ಚು ಅಗಲದ ಸಂದಿಗೆ ಬಂದಾಗ ಮೈ ಓರೆ ಮಾಡಿದರೆ, ಅನೊರೆಕ್ಸಿಯಾ ಇದ್ದವರು ಶೇ. 40 ಹೆಚ್ಚು ಅಗಲ ಇದ್ದಾಗಲೇ ಓರೆ ಮಾಡಿದರು. ಗೊತ್ತಿಲ್ಲದೇ. ಅಂದರೆ ಕಾಲು, ಭುಜಕ್ಕೂ ತಾನು ದಪ್ಪ ಅಂತಲೇ ನಂಬಿಕೆ. (ಬಿಎಂಟಿಸಿ ಬಸ್ಸಲ್ಲಿ ಈ ಪ್ರಯೋಗ ಮಾಡಿದ್ದರೆ ಎಲ್ಲರೂ ಓರೆಯೇ, ಏನೂ ಗೊತ್ತಾಗುತ್ತಿರಲಿಲ್ಲ.) ಇಂಥವರಿಗೆ "ನೀನು ಸಣ್ಣಗೇ ಇದೀಯ" ಅಂತ ಎಷ್ಟು ಸಲ ಹೇಳಿದರೂ ಮೈ ನಂಬಲ್ಲ.

ಹಾಗಾಗಿ ನಾವು ವಾದ ಮಾಡುವುದು ಕಮ್ಮಿ, ದಿನಚರಿ ಬದಲಿಸುವುದು ಜಾಸ್ತಿ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ ಅನ್ನುವ, ಯೋಚನೆ ಮತ್ತು ಅಭ್ಯಾಸ ಬದಲಿಸುವ ಮಾತಿನ ಚಿಕಿತ್ಸೆ ಇದೆ. ಸಾಮಾನ್ಯವಾಗಿ 20 ಭೇಟಿ, ತೂಕ ತುಂಬಾ ಕಮ್ಮಿ ಇದ್ದವರಿಗೆ 40ರ ಹತ್ತಿರ. ಅದರಲ್ಲಿ ಮೈ ಬಗೆಗಿನ ಕೆಲಸಕ್ಕೇ ಒಂದು ಭಾಗ ಇದೆ. ಒಂದು ಒಬ್ಬಟ್ಟು ಬರೆಯಿರಿ ಅನ್ನುತ್ತೇನೆ, ನಿಮ್ಮನ್ನು ನೀವು ಅಳೆಯುವುದು ಯಾವುದರಿಂದ ಅಂತ ಹೋಳು ಮಾಡಿ ಅನ್ನುತ್ತೇನೆ. ಓದು, ಸ್ನೇಹಿತರು, ಹಾಡು, ಕೆಲಸ, ಮನೆ. ಬಹಳ ಜನರ ಒಬ್ಬಟ್ಟಿನಲ್ಲಿ ಮುಕ್ಕಾಲು ಭಾಗ ಮೈ ಮತ್ತು ತೂಕವೇ ಇರುತ್ತದೆ. ಆ ಹೋಳನ್ನು ನೇರವಾಗಿ ಕತ್ತರಿಸಲು ಆಗುವುದಿಲ್ಲ. ಬೇರೆ ಹೋಳು ದೊಡ್ಡದಾದರೆ ಅದು ಚಿಕ್ಕದಾಗುತ್ತದೆ. ಒಬ್ಬ ಹುಡುಗಿ ಬಿಟ್ಟಿದ್ದ ವೀಣೆ ಪಾಠಕ್ಕೆ ಮತ್ತೆ ಹೋದಳು, ಅದೇ ಅವಳಿಗೆ ಅರ್ಧ ಔಷಧಿ ಆಯಿತು.

ಜೊತೆಗೆ ನೀಲಿಕೊಡೆ ಹೇಳಿದ ಬಳೆ, ಗಾಜು, ಇವನ್ನೆಲ್ಲ ಒಂದು ದಿನ ಬರೆದಿಡಿ ಅನ್ನುತ್ತೇವೆ. ಎಷ್ಟು ಸಲ, ಯಾವಾಗ, ಆಮೇಲೆ ಏನನ್ನಿಸಿತು. ಬಹಳ ಜನಕ್ಕೆ ತಮ್ಮ ಎಣಿಕೆ ನೋಡಿ ತಮಗೇ ಗಾಬರಿ. ನೋಡಿಕೊಂಡರೆ ಸಮಾಧಾನ ಆಗುತ್ತದೆ ಅಂತ ನೋಡುತ್ತಾರೆ, ಅದು ಕನ್ನಡಿಯೊಳಗಿನ ಗಂಟು. ಒಂದೇ ಜಾಗವನ್ನು ದಿಟ್ಟಿಸಿದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ. ನಿಮ್ಮ ಮೂಗನ್ನೇ ಐದು ನಿಮಿಷ ನೋಡಿ, ನನ್ನ ಮಾತು ಗೊತ್ತಾಗುತ್ತದೆ.

"ದಪ್ಪ ಆಗಿಲ್ಲ ತಾನೇ?" ಅಂತ ಕೇಳುವುದು ಕೂಡ ಕನ್ನಡಿ ನೋಡುವುದೇ. ಆಗ ನೀವೇ ಕನ್ನಡಿ.

ಮಲ್ಲೇಶ್ವರದಮ್ಮ

ಮೇಡಂ, ಹಾಗಾದರೆ ಏನು ಉತ್ತರ ಕೊಡಬೇಕು? ನನ್ನ ಮಗಳಿಗೂ ಇದೇ ಪಾಡು, ಪಿಯುಸಿ ಓದುತ್ತಿದ್ದಾಳೆ. ನೀನು ಚೆನ್ನಾಗಿದೀಯ ಕಂದಾ ಅಂತ ತಾಯಿ ಹೇಳಬಾರದಾ? ಬಾಯಿ ಕಟ್ಟಿಕೊಂಡು ಇರಬೇಕಾ?

ಕನ್ನಡಕದ_ಮೇಡಂ

ಅಮ್ಮ, ಹೇಳಬಾರದು ಅಂತ ಅಲ್ಲ. ಆ ಒಂದು ಪ್ರಶ್ನೆಗೆ ಅಳತೆಯ ಉತ್ತರ ಬೇಡ, ಅಷ್ಟೇ. "ಈ ಪ್ರಶ್ನೆಗೆ ನಾನು ಉತ್ತರ ಹೇಳಲ್ಲ ಅಂತ ಮಾತಾಗಿದೆ ಅಲ್ವಾ. ಇವತ್ತು ಏನಾಯಿತು?" ಅಂತ ಕೇಳಿ. ಮೊದಲೇ ಅವಳ ಜೊತೆ ಕೂತು ಒಪ್ಪಂದ ಮಾಡಿಕೊಂಡಿರಬೇಕು, ದಿಢೀರಂತ ಉತ್ತರ ನಿಲ್ಲಿಸಿದರೆ "ಅಮ್ಮನಿಗೂ ನಾನು ದಪ್ಪ ಅನ್ನಿಸಿದೆ" ಅಂದುಕೊಳ್ಳುತ್ತಾಳೆ.

ಇವತ್ತು ಏನಾಯಿತು ಅಂತ ಯಾಕೆ ಕೇಳಬೇಕು ಗೊತ್ತಾ? ಬೆಳಗ್ಗೆ ಇದ್ದ ಮೈ ಸಂಜೆ ಹೊತ್ತಿಗೆ ದಪ್ಪ ಆಗುವುದಿಲ್ಲ. ಆದರೆ "ದಪ್ಪ ಅನ್ನಿಸ್ತಿದೆ" ಅನ್ನುವುದು ಗಂಟೆಗೊಮ್ಮೆ ಏರುತ್ತದೆ, ಇಳಿಯುತ್ತದೆ. ನಾವು ಕನ್ನಡದಲ್ಲಿ "ಒಂಥರಾ ಆಗ್ತಿದೆ" ಅನ್ನುತ್ತೇವಲ್ಲ, ಬೇಜಾರು, ಭಯ, ಅವಮಾನ, ಮುಟ್ಟಿನ ಹೊಟ್ಟೆ ಉಬ್ಬರ, ಎಲ್ಲಕ್ಕೂ ಅದೇ ಮಾತು. ಇವರಿಗೆ ಆ ಒಂಥರಾ ಎಲ್ಲ "ದಪ್ಪ" ಅಂತ ಅನುವಾದ ಆಗಿಬಿಡುತ್ತದೆ. ಟೆಸ್ಟ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದ ದಿನ, ಗೆಳತಿ ಮಾತಾಡಿಸದ ದಿನ ತೊಡೆ ದಪ್ಪ ಅನ್ನಿಸುತ್ತದೆ.

ನಿಮ್ಮ ಮಗಳ ವಯಸ್ಸಿಗೆ ಮನೆಯವರೇ ಊಟದ ಜವಾಬ್ದಾರಿ ತೆಗೆದುಕೊಳ್ಳುವ ಕುಟುಂಬ ಚಿಕಿತ್ಸೆಯೂ ಇದೆ. ಅಲ್ಲಿ ಮೈ ಬಗ್ಗೆ ಚರ್ಚೆ ಶುರುವಿನಲ್ಲಿ ಹೆಚ್ಚು ಇರುವುದಿಲ್ಲ, ತಟ್ಟೆ ಮುಖ್ಯ.

ದಪ್ಪ_ಮೆಣಸಿನಕಾಯಿ

ನಾನು ಸ್ವಲ್ಪ ಜಗಳ ಆಡಲು ಬಂದಿದ್ದೇನೆ. ಇಲ್ಲಿ ಎಲ್ಲರೂ "ದಪ್ಪ ಇಲ್ಲದವರಿಗೆ ದಪ್ಪ ಅನ್ನಿಸುತ್ತದೆ" ಅಂತ ಮಾತಾಡುತ್ತಿದ್ದೀರಿ. ನಾನು ನಿಜವಾಗಿ ದಪ್ಪ. ನನಗೆ ಇರುವುದು ಬಿಂಜ್ ಈಟಿಂಗ್, ಅಂದರೆ ತಡೆಯಲಾಗದೆ ಒಂದೇ ಸಮ ತಿನ್ನುವ ಕಾಯಿಲೆ. ಮನೋರೋಗಗಳನ್ನು ಪಟ್ಟಿ ಮಾಡುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿತು, ಅದರಲ್ಲಿ ಮೈ ಬಗ್ಗೆ ಬೇಸರ ಇರಲೇಬೇಕು ಅಂತ ನಿಯಮ ಇಲ್ಲ. ಆದರೆ ಇರುತ್ತದೆ, ಬೇಕಾದಷ್ಟು. ಮತ್ತೆ ನನ್ನದು ಭ್ರಮೆ ಅಲ್ಲ. ಆಟೋದವರು ಅಂದಿದ್ದಾರೆ, ಹೆಣ್ಣು ನೋಡಲು ಬಂದವರು ಕಾಫಿ ಕುಡಿಯುತ್ತಾ ಅಂದಿದ್ದಾರೆ, ಗಂಟಲು ನೋವಿಗೆ ಹೋದರೆ ಡಾಕ್ಟರ್ ಮೊದಲು ತೂಕ ಇಳಿಸಿ ಅಂದಿದ್ದಾರೆ. ಅಳುತ್ತಾ ಮನೆಗೆ ಬಂದು ಇಡೀ ಪ್ಯಾಕೆಟ್ ಖಾಲಿ ಮಾಡಿದ್ದೇನೆ, ಮಾರನೇ ದಿನ ಉಪವಾಸ, ರಾತ್ರಿ ಮತ್ತೆ ಅದೇ. ನನಗೆ "ನೀನು ದಪ್ಪ ಇಲ್ಲ" ಅನ್ನುವ ಚಿಕಿತ್ಸೆಯಿಂದ ಏನು ಉಪಯೋಗ?

ಕನ್ನಡಕದ_ಮೇಡಂ

ಏನೂ ಉಪಯೋಗ ಇಲ್ಲ, ನಿಮ್ಮ ಮಾತು ಸರಿ. ನಾನೇ ಮೊದಲು ಹೇಳಬೇಕಿತ್ತು. "ನೀನು ದಪ್ಪ ಇಲ್ಲ" ಅನ್ನುವ ಸಮಾಧಾನದ ಒಳಗೇ ದಪ್ಪ ಇದ್ದರೆ ತಪ್ಪು ಅನ್ನುವ ಮಾತು ಕೂತಿರುತ್ತದೆ. ನಿಮ್ಮ ಥರದವರ ಜೊತೆ ಕೆಲಸ ಬೇರೆ. ಮೊದಲು ಉಪವಾಸ-ಬಕಾಸುರ ಚಕ್ರ ನಿಲ್ಲಿಸಿ ಹೊತ್ತು ಹೊತ್ತಿಗೆ ಊಟ. ಆಮೇಲೆ, ಸಣ್ಣ ಆದಮೇಲೆ ಮಾಡುತ್ತೇನೆ ಅಂತ ಮುಂದೆ ಹಾಕಿದ್ದನ್ನೆಲ್ಲ ಪಟ್ಟಿ ಮಾಡಿ ಈಗಿನ ಮೈಯಲ್ಲೇ ಒಂದೊಂದಾಗಿ ಮಾಡುವುದು. ಅಂದವರಿಗೆ ತಿರುಗಿಸಿ ಏನು ಹೇಳಬೇಕು ಅಂತ ಅಭ್ಯಾಸ ಮಾಡುವುದೂ ಅದರಲ್ಲಿ ಸೇರುತ್ತದೆ.

ದಪ್ಪ_ಮೆಣಸಿನಕಾಯಿ

ಈಜು ಕಲಿಯುವುದು ನನ್ನ ಪಟ್ಟಿಯಲ್ಲಿ ಹನ್ನೊಂದು ವರ್ಷದಿಂದ ಇದೆ. ಯೋಚಿಸುತ್ತೇನೆ.

ವಿಜಯನಗರ_ಮಗಾ

ಹುಡುಗರಿಗೂ ಇದೆ ಅಂತ ಯಾರಾದರೂ ಬರೆಯುತ್ತಾರೆ ಅಂತ ಕಾಯುತ್ತಿದ್ದೆ, ಯಾರೂ ಬರೆಯಲಿಲ್ಲ. ನಂದು ಉಲ್ಟಾ. ಎಷ್ಟು ಜಿಮ್ ಮಾಡಿದರೂ ಕಡ್ಡಿ ಥರ ಕಾಣುತ್ತೇನೆ ಅನ್ನಿಸುತ್ತಿತ್ತು. ಏಪ್ರಿಲ್ ಬಿಸಿಲಲ್ಲೂ ಟೀ ಶರ್ಟ್ ಒಳಗೆ ಇನ್ನೊಂದು ಟೀ ಶರ್ಟ್. ಅಣ್ಣನ ಮದುವೆಗೆ ಹೋಗಿ ಊಟ ಮಾಡದೆ ಡಬ್ಬಿಯಲ್ಲಿ ತಂದ ಮೊಟ್ಟೆ ಬಿಳಿ ತಿಂದಿದ್ದೇನೆ. ಜಿಮ್‌ನಲ್ಲಿ ಎಲ್ಲರೂ ಡೆಡಿಕೇಷನ್ ಅಂದರು. ಇದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತ 1997ರಲ್ಲೇ ಹೆಸರಿಟ್ಟಿದ್ದಾರಂತೆ, ನನಗೆ ಗೊತ್ತಾಗಿದ್ದು ಹೋದ ವರ್ಷ. ಮನೇಲಿ ಹೇಳಿದರೆ "ಗಂಡಸಿಗೆ ಎಂಥ ಕನ್ನಡಿ ಕಾಯಿಲೆ" ಅಂದರು. ಅಷ್ಟೇ, ಹೇಳಬೇಕು ಅನ್ನಿಸಿತು.

ನೀಲಿಕೊಡೆ

ಹೇಳಿದ್ದು ಒಳ್ಳೆಯದಾಯಿತು ಮಗಾ.

ನಾನು ಕನ್ನಡಿ ಅಭ್ಯಾಸದ ಬಗ್ಗೆ ಬರೆಯುತ್ತೇನೆ ಅಂದುಕೊಂಡಿದ್ದೆ. ನನ್ನ ಥೆರಪಿಸ್ಟ್ ಮೊದಲ ಸಲ ಉದ್ದ ಕನ್ನಡಿ ಮುಂದೆ ನಿಲ್ಲಿಸಿ, ನಿನ್ನನ್ನು ಯಾವತ್ತೂ ನೋಡದವರಿಗೆ ಫೋನಿನಲ್ಲಿ ವಿವರಿಸುತ್ತಿದೀಯ ಅಂದುಕೋ, ತಲೆಯಿಂದ ಪಾದದ ತನಕ ಹೇಳು ಅಂದರು. ಅಸಹ್ಯ, ದಪ್ಪ, ಚೆಂದ, ಈ ಥರ ತೀರ್ಪಿನ ಮಾತು ಯಾವುದೂ ಬರಬಾರದು. ಬಣ್ಣ, ಆಕಾರ, ಗುರುತು ಮಾತ್ರ. ಹೊಟ್ಟೆ ಬಂದಾಗ ನಾನು ಐದು ನಿಮಿಷ ಬಾಯಿ ಬಿಡಲಿಲ್ಲ. ಆಮೇಲೆ "ಬಲಗಡೆ ಅಪೆಂಡಿಕ್ಸ್ ಆಪರೇಷನ್ ಗುರುತು ಇದೆ, ಬೆರಳುದ್ದ, ಸುತ್ತಲಿನ ಚರ್ಮಕ್ಕಿಂತ ತಿಳಿ ಬಣ್ಣ" ಅಂದೆ. ಅವತ್ತಿನ ತನಕ ಆ ಗುರುತನ್ನು ಸರಿಯಾಗಿ ನೋಡೇ ಇರಲಿಲ್ಲ. ದಿನಕ್ಕೆ ಐವತ್ತು ಸಲ ಹೊಟ್ಟೆ ನೋಡುತ್ತಿದ್ದವಳು! ನಾನು ಅತ್ತುಬಿಟ್ಟೆ, ನಿಜ. ಮೂರನೇ ಸಲಕ್ಕೆ ಅಳು ಕಮ್ಮಿ. ಎಂಟನೇ ಸಲಕ್ಕೆ ಬೋರ್ ಆಯಿತು. ಬೋರ್ ಆಗುವುದೇ ಗುರಿ ಅಂತೆ.

ಕನ್ನಡಕದ_ಮೇಡಂ

ಚೆನ್ನಾಗಿ ಬರೆದಿದ್ದೀರಿ. ಒಂದು ಎಚ್ಚರಿಕೆ: ಇದನ್ನು ಓದಿ ಯಾರೂ ಮನೆಯಲ್ಲಿ ಒಬ್ಬರೇ ಶುರು ಮಾಡಬೇಡಿ. ಜೊತೆಗೆ ಕಲಿತವರು ಇಲ್ಲದಿದ್ದರೆ ಅದು ಮತ್ತೆ ಹಳೇ ದಿಟ್ಟಿಸುವ ಚಟಕ್ಕೇ ಇಳಿಯುತ್ತದೆ. ತೂಕ ತೀರಾ ಇಳಿದಿರುವಾಗಲೂ ಇದರ ಹೊತ್ತಲ್ಲ.

ಯಾರ ಹತ್ತಿರ ಹೋಗುವುದು ಅಂತ ಇಬ್ಬರು ಮೆಸೇಜ್ ಮಾಡಿದ್ದೀರಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಖಾಸಗಿಯಾಗಿ ಹೋಗುವುದಾದರೆ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ, ಈಟಿಂಗ್ ಡಿಸಾರ್ಡರ್ ನೋಡಿ ಅಭ್ಯಾಸ ಇದೆಯಾ ಅಂತಲೂ ಕೇಳಿ, ಕೇಳಲು ಸಂಕೋಚ ಬೇಡ. ರಾತ್ರಿ ಹೊತ್ತಲ್ಲಿ ತಡೆಯಲು ಆಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬಸವನಗುಡಿ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ. ಡಾಕ್ಟರ್ ಹತ್ತಿರ ಹೋಗಿ ಬಂದೆವು, ರಕ್ತದ ರಿಪೋರ್ಟ್ ಪರವಾಗಿಲ್ಲ. ರಾತ್ರಿ ಊಟ ಮತ್ತೆ ಶುರು, ನಾನೂ ಅವಳ ಜೊತೆಗೇ ತಟ್ಟೆ ಹಾಕಿಕೊಳ್ಳುತ್ತೇನೆ. ಥೆರಪಿಸ್ಟ್ ವಾರಕ್ಕೊಮ್ಮೆ ಬರಲು ಹೇಳಿದ್ದಾರೆ, ಈ ಸಲ ಪೂರ್ತಿ ಮೈ ಬಗ್ಗೆಯೇ. ಹೊಟ್ಟೆಯಲ್ಲಿ ಮೊದಲು ಸೇರುತ್ತದೆ ಅನ್ನುವ ವಿಷಯ ಹೇಳಿದಾಗ ತಂಗಿ ತುಂಬಾ ಹೊತ್ತು ಸುಮ್ಮನಿದ್ದಳು, ಆಮೇಲೆ "ಇದನ್ನ ಯಾಕೆ ಯಾರೂ ಮುಂಚೆ ಹೇಳಲಿಲ್ಲ?" ಅಂತ ರೇಗಿದಳು. ನ್ಯಾಯವೇ.

ಅತ್ತೆಗೂ ಫೋನ್ ಮಾಡಿದೆ. ಮೊದಲು ಅತ್ತರು, ನಾನೇನು ಕೆಟ್ಟದ್ದು ಅಂದೆನಾ ಅಂತ. ಆಮೇಲೆ "ಸರಿ, ಹಾಗಾದ್ರೆ ಇನ್ಮೇಲೆ ಅವಳನ್ನ ನೋಡಿದಾಗ ಏನು ಕೇಳ್ಲಿ ಹೇಳು" ಅಂದರು. ಹೊಸ ಆಫೀಸು ಹೇಗಿದೆ ಕೇಳಿ ಅಂದೆ. "ಅದನ್ನ ಕೇಳಿದ್ರೆ ಮುಗೀತಾ?" ಅಂದರು. ಕೇಳಿ ನೋಡಿ, ಮ್ಯಾನೇಜರ್ ಬಗ್ಗೆ ಒಂದು ಗಂಟೆ ಹೇಳುತ್ತಾಳೆ ಅಂದೆ.

ಈಗ ಒಂದು ಚಿಕ್ಕ ವಿಷಯ. ಮುಂದಿನ ತಿಂಗಳು ಅವಳ ಗೆಳತಿಯ ಮದುವೆ, ರೇಷ್ಮೆ ಸೀರೆಗೆ ಬ್ಲೌಸ್ ಹೊಲಿಸಬೇಕು. ನಮ್ಮ ಟೈಲರ್ ಟೇಪ್ ಹಿಡಿದು ಒಂದೊಂದು ಅಳತೆಯನ್ನೂ ಒಳಗಿರುವ ಹುಡುಗನಿಗೆ ಕೂಗಿ ಹೇಳುತ್ತಾರೆ, ಅಂಗಡಿಯಲ್ಲಿ ಇರುವವರಿಗೆಲ್ಲ ಕೇಳುತ್ತದೆ. ತಂಗಿ ಹೋಗುವುದೇ ಇಲ್ಲ ಅನ್ನುತ್ತಿದ್ದಾಳೆ. ಮೇಡಂ, ಅಳತೆ ಕೇಳಿಸದ ಹಾಗೆ ಮಾಡಿದರೆ ಅದೂ ತಪ್ಪಿಸಿಕೊಂಡ ಹಾಗೆ ಆಗುತ್ತಾ?

ಕನ್ನಡಕದ_ಮೇಡಂ

ಸ್ವಲ್ಪ ಮಟ್ಟಿಗೆ ಹೌದು. ಆದರೆ ಮನೆಯಲ್ಲೇ ಕೂರುವುದು ಅದಕ್ಕಿಂತ ದೊಡ್ಡ ತಪ್ಪಿಸಿಕೊಳ್ಳುವಿಕೆ. ಈ ಸಲ ಹೋಗಲಿ, ಅಳತೆ ಕೇಳಿಸುವುದು ಬೇಡ. ಹಳೇ ಬ್ಲೌಸ್ ಅಳತೆಗೆ ಕೊಡಬೇಡಿ, ಅದು ಬಿಗಿಯಾದರೆ ಮದುವೆ ದಿನ ಇಡೀ ಅದೇ ಯೋಚನೆ. ಹೊಸದಾಗಿ ಅಳತೆ ಕೊಟ್ಟು, ಆರಾಮಾಗಿ ಹೊಲಿಸಿ.

ಮಲ್ಲೇಶ್ವರದಮ್ಮ

ಗಾಂಧಿ ಬಜಾರ್ ಹತ್ತಿರ ಒಬ್ಬ ಲೇಡಿ ಟೈಲರ್ ಇದ್ದಾರೆ ಕಣಮ್ಮ, ತುಂಬಾ ಮೆತ್ತಗೆ ಮಾತಾಡುತ್ತಾರೆ, ತಾವೇ ಬರೆದುಕೊಳ್ಳುತ್ತಾರೆ. ನಂಬರ್ ಮೆಸೇಜ್ ಮಾಡಿದ್ದೇನೆ. ಆದರೆ ಮದುವೆ ಹತ್ತು ದಿನ ಮುಂಚೆ ಇದೆ ಅಂತ ಸುಳ್ಳು ಹೇಳಿಬಿಡು, ಹೇಳಿದ ದಿನಕ್ಕೆ ಯಾವತ್ತೂ ಕೊಟ್ಟವರಲ್ಲ.